ಜಹೀರ್ ಹೋಗಿ ಉತ್ತಪ್ಪ ಬಂದ ಕಾಲ: ಎಡೆದೊರೆ ನಾಡಿನಿಂದ ಕಂಡ ಒಂದು ಆಟಗಾರ ವಿನಿಮಯದ ಇತಿಹಾಸ

2009ರ ಆರಂಭದಲ್ಲಿ, ಇಂಡಿಯನ್ ಪ್ರೀಮಿಯರ್ ಲೀಗ್‌ನ ಎರಡನೆಯ ಆವೃತ್ತಿಗೆ ಮುನ್ನ, ಆಗ ರಾಯಲ್ ಚಾಲೆಂಜರ್ಸ್ ಬ್ಯಾಂಗಲೋರ್ ಎಂದು ಕರೆಯಲಾಗುತ್ತಿದ್ದ ಬೆಂಗಳೂರಿನ ತಂಡವು ತನ್ನ ಎಡಗೈ ವೇಗದ ಬೌಲರ್ ಜಹೀರ್ ಖಾನ್ ಅವರನ್ನು ಮುಂಬೈ ಇಂಡಿಯನ್ಸ್ ತಂಡಕ್ಕೆ ಬಿಟ್ಟುಕೊಟ್ಟು, ಅವರ ಬದಲಿಗೆ ಕರ್ನಾಟಕದ ಬ್ಯಾಟರ್ ರಾಬಿನ್ ಉತ್ತಪ್ಪ ಅವರನ್ನು ಪಡೆದುಕೊಂಡಿತು. ಭಾರತದ ಕ್ರಿಕೆಟ್‌ನಲ್ಲಿ ಆಟಗಾರನಿಗೆ ಆಟಗಾರನನ್ನೇ ಕೊಟ್ಟು ತೆಗೆದುಕೊಳ್ಳುವ ಪದ್ಧತಿಯ ಮೊಟ್ಟಮೊದಲ ಉದಾಹರಣೆಗಳಲ್ಲಿ ಇದೂ ಒಂದಾಗಿದ್ದು, ಕರ್ನಾಟಕದ ಮಟ್ಟಿಗೆ ಅದು ಆಟದ ಲೆಕ್ಕಾಚಾರಕ್ಕಿಂತ ಹೆಚ್ಚಾಗಿ ‘ನಮ್ಮ ಹುಡುಗ ಮನೆಗೆ ಬಂದ’ ಎಂಬ ಭಾವನೆಯ ಸಂಗತಿಯಾಗಿ ಉಳಿಯಿತು. ಆ ಭಾವನೆ ಎಷ್ಟರಮಟ್ಟಿಗೆ ಸರಿಯಾಗಿತ್ತು, ಆ ವಿನಿಮಯದಿಂದ ಯಾರಿಗೆ ಏನು ದಕ್ಕಿತು ಎಂಬುದನ್ನು ಅಳೆಯಲು ಈಗ ಒಂದೂವರೆ ದಶಕಕ್ಕೂ ಮೀರಿದ ದಾಖಲೆ ಕಣ್ಣೆದುರಿಗಿದೆ. ಬೆಂಗಳೂರಿನಿಂದ ದೂರವಿರುವ, ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿಯಂಥ ಊರುಗಳ ಅಭಿಮಾನಿಗಳ ಕಡೆಯಿಂದ ನೋಡಿದಾಗ ಈ ಪ್ರಶ್ನೆಗಳಿಗೆ ರಾಜಧಾನಿಯಲ್ಲಿ ಕಾಣದ ಇನ್ನೊಂದು ಮುಖವೂ ಇದೆ.

ಆಟಗಾರರನ್ನು ಸರದಿಯ ಮೇಲೆ ಹಂಚಿಕೊಳ್ಳುವ ಪದ್ಧತಿ ಮೂಲತಃ ಅಮೆರಿಕದ ಫುಟ್‌ಬಾಲಿನದು. ಅಲ್ಲಿನ ನ್ಯಾಷನಲ್ ಫುಟ್‌ಬಾಲ್ ಲೀಗ್‌ನಲ್ಲಿ ಶ್ರೀಮಂತ ತಂಡಗಳೇ ಎಲ್ಲ ಒಳ್ಳೆಯ ಆಟಗಾರರನ್ನೂ ಸೆಳೆದುಕೊಳ್ಳುತ್ತಿದ್ದುದನ್ನು ತಡೆಯಲು ಫಿಲಡೆಲ್ಫಿಯಾ ಈಗಲ್ಸ್ ತಂಡದ ಒಡೆಯ ಬರ್ಟ್ ಬೆಲ್ ಒಂದು ಸೂತ್ರವನ್ನು ಮುಂದಿಟ್ಟರು. ಹಿಂದಿನ ವರ್ಷ ಕೊನೆಯ ಸ್ಥಾನದಲ್ಲಿದ್ದ ತಂಡವು ಕಾಲೇಜಿನಿಂದ ಹೊರಬರುವ ಆಟಗಾರರಲ್ಲಿ ಮೊದಲು ಒಬ್ಬನನ್ನು ಆರಿಸಿಕೊಳ್ಳಬೇಕು, ಅನಂತರ ಉಳಿದವರು ತಮ್ಮ ತಮ್ಮ ಸರದಿಯಂತೆ ಆರಿಸಿಕೊಳ್ಳಬೇಕು ಎಂಬ ಈ ಏರ್ಪಾಡಿಗೆ ಡ್ರಾಫ್ಟ್ ಎಂದು ಹೆಸರು. 1936ರ ಫೆಬ್ರುವರಿಯಲ್ಲಿ ನಡೆದ ಮೊದಲ ಡ್ರಾಫ್ಟ್‌ನಲ್ಲಿ ಮೊದಲನೆಯವನಾಗಿ ಆಯ್ಕೆಯಾದ ಜೇ ಬರ್ವಾಂಗರ್ ಅವರ ಹಕ್ಕನ್ನು ಫಿಲಡೆಲ್ಫಿಯಾ ತಂಡ ಶಿಕಾಗೊ ಬೇರ್ಸ್‌ಗೆ ವಿನಿಮಯದಲ್ಲಿ ಬಿಟ್ಟುಕೊಟ್ಟಿತು. ಆದರೆ ಸಂಬಳದ ಮಾತು ಕುದುರದೆ ಅವರು ವೃತ್ತಿಪರ ಫುಟ್‌ಬಾಲನ್ನು ಒಂದು ದಿನವೂ ಆಡಲಿಲ್ಲ. ಡ್ರಾಫ್ಟ್ ಹುಟ್ಟಿದಂದೇ ವಿನಿಮಯವೂ ಅದರ ಜೊತೆ ಸೇರಿತು, ಅಂದೇ ಆಟಗಾರನ ಇಚ್ಛೆ ಎಂಬ ಪ್ರಶ್ನೆಯೂ ಅವುಗಳ ಜೊತೆಗೇ ಹುಟ್ಟಿತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ. 1989ರಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡವು ಹರ್ಷಲ್ ವಾಕರ್ ಎಂಬ ಒಬ್ಬನೇ ತಾರೆಯನ್ನು ಮಿನೆಸೊಟಾ ತಂಡಕ್ಕೆ ಕೊಟ್ಟು ಹಲವು ಆಟಗಾರರನ್ನೂ ಮುಂದಿನ ವರ್ಷಗಳ ಡ್ರಾಫ್ಟ್ ಸರದಿಗಳನ್ನೂ ಪಡೆದು, ಅವುಗಳ ಬಲದ ಮೇಲೆ 1990ರ ದಶಕದಲ್ಲಿ ಮೂರು ಬಾರಿ ಚಾಂಪಿಯನ್ ಆದ ಕಥೆಯನ್ನು ಅಲ್ಲಿನ ಅಭಿಮಾನಿಗಳು ಇಂದಿಗೂ ಕೆದಕುತ್ತಾರೆ. ಬೆಂಗಳೂರು ತಂಡದ ಅಭಿಮಾನಿಗಳಿಗೆ ಅಂಥದೇ ಚರ್ಚೆಗೆ ಸಿಗುವ ವಸ್ತು ಜಹೀರ್–ಉತ್ತಪ್ಪ ವಿನಿಮಯ.

ಇಂಥ ಪದ್ಧತಿ ಬರುವ ಮುಂಚೆ ಕರ್ನಾಟಕದ ಕ್ರಿಕೆಟ್‌ನಲ್ಲಿ ತಂಡವೆಂದರೆ ನೆಲ ಎಂದೇ ಅರ್ಥವಿತ್ತು. ಮೈಸೂರು ಎಂಬ ಹೆಸರಿನಲ್ಲಿ ಆಡುತ್ತಿದ್ದ ರಾಜ್ಯ ತಂಡವು ರಾಜ್ಯದ ಮರುನಾಮಕರಣದ ನಂತರ ಕರ್ನಾಟಕವಾಗಿ, ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್ ಅವರಿದ್ದ ಕಾಲದಲ್ಲಿ, 1973–74ರಲ್ಲಿ ಮೊದಲ ಬಾರಿಗೆ ರಣಜಿ ಟ್ರೋಫಿಯನ್ನು ಗೆದ್ದಿತು. ಒಬ್ಬ ಆಟಗಾರ ತಂಡ ಬದಲಿಸಬೇಕಾದರೆ ಅದಕ್ಕೆ ಹುಟ್ಟಿದ ಊರು ಬಿಟ್ಟು ಹೋಗುವುದೋ, ನೌಕರಿ ಹಿಡಿಯುವುದೋ ಕಾರಣವಾಗಬೇಕಿತ್ತು. ರಾಯಚೂರಿನಲ್ಲಿ 1971ರಲ್ಲಿ ಜನಿಸಿದ ಯರೇ ಗೌಡ ಅವರ ಬದುಕೇ ಇದಕ್ಕೆ ಉದಾಹರಣೆ: ಕರ್ನಾಟಕದ ಪರವಾಗಿ ಆಟ ಆರಂಭಿಸಿದ ಅವರು ರೈಲ್ವೇಸ್ ತಂಡವನ್ನು ಸೇರಿ, ತಾಳ್ಮೆಯ ಬ್ಯಾಟಿಂಗಿನಿಂದ ಆ ತಂಡದ ಆಧಾರವಾಗಿ, ವರ್ಷಗಳ ನಂತರ ಕರ್ನಾಟಕಕ್ಕೆ ಮರಳಿ ಅದರ ನಾಯಕತ್ವವನ್ನೂ ವಹಿಸಿದರು. ಅವರನ್ನು ಯಾರೂ ಯಾರಿಗೂ ಬದಲಿಯಾಗಿ ಕೊಡಲಿಲ್ಲ. ಹೋದದ್ದೂ ಬಂದದ್ದೂ ಅವರದೇ ತೀರ್ಮಾನವಾಗಿತ್ತು. ರಾಯಚೂರು ಜಿಲ್ಲೆಯಿಂದ ಬಂದು ದೇಶೀಯ ಕ್ರಿಕೆಟ್‌ನಲ್ಲಿ ಇಷ್ಟು ದೀರ್ಘಕಾಲ ನಿಂತ ಅವರ ಬಗ್ಗೆ ಬರೆದದ್ದು ಬಹಳ ಕಡಿಮೆ ಎಂಬುದು ಖೇದದ ಸಂಗತಿ.

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಈ ಪ್ರದೇಶವನ್ನು ಹಳೆಯ ಶಾಸನಗಳು ಎಡೆದೊರೆ ನಾಡು ಎಂದು ಕರೆದಿವೆ. ರಾಯಚೂರು ದೋಆಬ್ ಎಂಬುದು ಇದರ ನಂತರದ ಹೆಸರು. ವಿಜಯನಗರ ಮತ್ತು ಬಹಮನಿ ಅರಸರು, ಆಮೇಲೆ ಬಿಜಾಪುರದ ಆದಿಲಶಾಹಿಗಳು ಇದಕ್ಕಾಗಿ ಮತ್ತೆ ಮತ್ತೆ ಕಾದಾಡಿದರು. ನಿಜಾಮರ ಕಾಲದಲ್ಲಿ ಇದು ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಲಿಂಗಸುಗೂರಿನಲ್ಲಿ ಹೈದರಾಬಾದ್ ಕಂಟಿಂಜೆಂಟ್ ಎಂಬ ಸೇನೆಯ ಛಾವಣಿಯಿತ್ತು, 1905ರವರೆಗೆ ಆ ಊರು ಒಂದು ಜಿಲ್ಲೆಯ ಕೇಂದ್ರವೂ ಆಗಿತ್ತು. ಅಶೋಕನ ಹೆಸರನ್ನೇ ಹೇಳುವ ಶಾಸನ 1915ರಲ್ಲಿ ಪತ್ತೆಯಾದದ್ದರಿಂದ ಮಸ್ಕಿಯ ಹೆಸರು ದೇಶದ ಇತಿಹಾಸ ಪುಸ್ತಕಗಳನ್ನು ಸೇರಿತು. ತುಂಗಭದ್ರಾ ಎಡದಂಡೆ ನಾಲೆಯ ನೀರು ಬಂದ ಮೇಲೆ ಸಿಂಧನೂರು ಭತ್ತದ ಕಣಜವಾಯಿತು; ಆಂಧ್ರದಿಂದ ಬಂದ ರೈತರು ಕಟ್ಟಿಕೊಂಡ ಕ್ಯಾಂಪುಗಳೂ, ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ಸರ್ಕಾರ ಕಟ್ಟಿಸಿದ ಪುನರ್ವಸತಿ ಕ್ಯಾಂಪುಗಳೂ ಆ ತಾಲ್ಲೂಕಿನಲ್ಲಿ ನೆಲೆಗೊಂಡವು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಆದರೆ ದಾರಿಯ ಲೆಕ್ಕದಲ್ಲಿ ಇಂದಿಗೂ ಈ ಮೂರೂ ಊರುಗಳಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. 2008ರಲ್ಲಿ ನಗರಗಳ ಹೆಸರಿನಲ್ಲಿ ತಂಡಗಳು ಹುಟ್ಟಿದಾಗ, ಕನ್ನಡ, ತೆಲುಗು, ಬಂಗಾಳಿ ಮೂರೂ ಕೇಳಿಬರುವ ಈ ನೆಲದವರು ಬೆಂಗಳೂರು, ಹೈದರಾಬಾದ್, ಕೋಲ್ಕತ್ತ ಈ ಮೂರರಲ್ಲಿ ಯಾವುದನ್ನು ತಮ್ಮದೆನ್ನಬೇಕು ಎಂಬುದು ನಕ್ಷೆ ನೋಡಿ ತೀರ್ಮಾನವಾಗುವ ವಿಷಯವಾಗಿರಲಿಲ್ಲ. ಬೆಂಗಳೂರು ತಂಡದ ಪರವಾಗಿ ಇಲ್ಲಿ ಕೆಲಸ ಮಾಡಬಹುದಾಗಿದ್ದುದು ಒಂದೇ: ಅದರಲ್ಲಿ ಆಡುವ ಕರ್ನಾಟಕದ ಆಟಗಾರರ ಹೆಸರುಗಳು.

ಆ ಹೆಸರುಗಳು ಹಂಚಿಹೋದ ಬಗೆಯನ್ನು ತಿಳಿಯದೆ ವಿನಿಮಯ ಅರ್ಥವಾಗುವುದಿಲ್ಲ. 2008ರ ಜನವರಿ 24ರಂದು ಎಂಟು ನಗರಗಳ ತಂಡಗಳ ಮಾಲೀಕತ್ವ ಹರಾಜಾದಾಗ ವಿಜಯ್ ಮಲ್ಯ ಅವರ ಯುಬಿ ಸಮೂಹವು 11.16 ಕೋಟಿ ಡಾಲರ್‌ಗೆ ಬೆಂಗಳೂರನ್ನು ಪಡೆಯಿತು; ಅದಕ್ಕಿಂತ ಹೆಚ್ಚು ಬೆಲೆಗೆ ಹೋದದ್ದು 11.19 ಕೋಟಿ ಡಾಲರ್‌ನ ಮುಂಬೈ ಮಾತ್ರ. ಹೀಗೆ ಹಕ್ಕು ಪಡೆದ ಮಾಲೀಕ ಸಂಸ್ಥೆಗೆ ಫ್ರಾಂಚೈಸಿ ಎನ್ನುತ್ತಾರೆ. ಫೆಬ್ರುವರಿ 20ರಂದು ಮುಂಬೈಯಲ್ಲಿ ಆಟಗಾರರ ಹರಾಜು ನಡೆಯಿತು. ಪ್ರತಿ ತಂಡವೂ ಆಟಗಾರರ ಮೇಲೆ 50 ಲಕ್ಷ ಡಾಲರ್‌ಗಿಂತ ಹೆಚ್ಚು ಖರ್ಚು ಮಾಡುವಂತಿರಲಿಲ್ಲ. ಹರಾಜಿಗೆ ಬಾರದೆ ತವರಿನ ತಂಡಕ್ಕೇ ಮೀಸಲಾದ ಐದು ಮಂದಿಗೆ ಐಕಾನ್ ಆಟಗಾರರೆಂದು ಹೆಸರಿಟ್ಟು, ತಂಡದಲ್ಲಿ ಅತಿ ಹೆಚ್ಚು ಬೆಲೆ ಪಡೆದವನಿಗಿಂತ ಶೇ 15ರಷ್ಟು ಹೆಚ್ಚು ಸಂಭಾವನೆಯನ್ನು ಅವರಿಗೆ ನಿಗದಿ ಮಾಡಲಾಗಿತ್ತು. ಬೆಂಗಳೂರಿಗೆ ರಾಹುಲ್ ದ್ರಾವಿಡ್ ಐಕಾನ್ ಆದರು, ಅನಿಲ್ ಕುಂಬ್ಳೆ 5 ಲಕ್ಷ ಡಾಲರ್‌ಗೆ ಬಂದರು. ಜಹೀರ್ ಖಾನ್ 4.5 ಲಕ್ಷ ಡಾಲರ್‌ಗೆ ಬೆಂಗಳೂರಿನ ಪಾಲಾದರು. ಕೊಡಗಿನ ಮನೆತನದ ರಾಬಿನ್ ಉತ್ತಪ್ಪ, 2007ರ ಟ್ವೆಂಟಿ20 ವಿಶ್ವಕಪ್‌ನಲ್ಲಿ ಪಾಕಿಸ್ತಾನದ ವಿರುದ್ಧ ಅರ್ಧಶತಕ ಹೊಡೆದ ಆ ಹುಡುಗ, 8 ಲಕ್ಷ ಡಾಲರ್‌ಗೆ ಮುಂಬೈಗೆ ಹೋದರು. ತವರಿನ ಬ್ಯಾಟರ್ ಪರರ ಪಾಲಾದದ್ದನ್ನು ಕರ್ನಾಟಕದ ಅಭಿಮಾನಿಗಳು ಅಂದಿನಿಂದಲೇ ಮನಸ್ಸಿಗೆ ಹಚ್ಚಿಕೊಂಡರು.

ಹರಾಜಿನ ಜೊತೆಗೆ ಒಂದು ಡ್ರಾಫ್ಟ್ ಕೂಡ ನಡೆದಿತ್ತು. ಅದೇ ವರ್ಷದ ಮಾರ್ಚ್ 2ರಂದು ಮಲೇಷ್ಯಾದಲ್ಲಿ 19 ವರ್ಷದೊಳಗಿನವರ ವಿಶ್ವಕಪ್ ಗೆದ್ದ ಭಾರತ ತಂಡದ ಹುಡುಗರನ್ನು ಬೆಲೆ ಕೂಗದೆ, ನಿಗದಿತ ಸಂಭಾವನೆಗೆ, ಸರದಿಯ ಮೇಲೆ ಹಂಚಲಾಯಿತು. ಮೊದಲ ಸರದಿ ದೆಹಲಿಯದಾಗಿತ್ತು. ವಿಶ್ವಕಪ್ ಗೆದ್ದ ನಾಯಕ ವಿರಾಟ್ ಕೊಹ್ಲಿ ದೆಹಲಿಯವರೇ ಆಗಿದ್ದರೂ, ಸೆಹ್ವಾಗ್, ಗಂಭೀರ್, ಡಿವಿಲಿಯರ್ಸ್ ಅವರಂಥ ಬ್ಯಾಟರ್‌ಗಳನ್ನು ಆಗಲೇ ಪಡೆದುಕೊಂಡಿದ್ದ ಆ ತಂಡ ಎಡಗೈ ವೇಗದ ಬೌಲರ್ ಪ್ರದೀಪ್ ಸಾಂಗ್ವಾನ್ ಅವರನ್ನು ಆರಿಸಿಕೊಂಡಿತು. ಕೊಹ್ಲಿ 30 ಸಾವಿರ ಡಾಲರ್‌ಗೆ ಬೆಂಗಳೂರಿಗೆ ಬಂದರು. ತಂಡಕ್ಕೆ ಇಲ್ಲದ್ದನ್ನು ತುಂಬಿಕೊಳ್ಳಬೇಕು ಎಂಬ ದೆಹಲಿಯ ತರ್ಕದಲ್ಲಿ ದೋಷವಿರಲಿಲ್ಲ, ಫಲ ಮಾತ್ರ ಪೂರ್ತಿ ಉಲ್ಟಾ ಆಯಿತು. ಮರುವರ್ಷ ಬೆಂಗಳೂರು ಮಾಡಿದ್ದು ಇದಕ್ಕೆ ತದ್ವಿರುದ್ಧವಾದ ಕೆಲಸ: ಎಡಗೈ ವೇಗಿಯನ್ನು ಬಿಟ್ಟು ತವರಿನ ಬ್ಯಾಟರ್‌ನನ್ನು ತೆಗೆದುಕೊಂಡಿತು. ಎರಡು ತಂಡಗಳು ಎರಡು ಬಗೆಯ ವಿಚಾರದಿಂದ ಹೊರಟು ಎರಡೂ ಕೈ ಸುಟ್ಟುಕೊಂಡವು.

2008ರ ಏಪ್ರಿಲ್ 18ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದ ಲೀಗ್‌ನ ಮೊಟ್ಟಮೊದಲ ಪಂದ್ಯವನ್ನು ಜಹೀರ್ ಅವರ ಕಡೆಯಿಂದ ನೋಡಬೇಕು. ಪ್ರವೀಣ್ ಕುಮಾರ್ ಅವರ ಮೊದಲ ಓವರ್ ಬಿಗಿಯಾಗಿ ಮುಗಿದ ಮೇಲೆ ಎರಡನೆಯ ಓವರ್‌ಗೆ ಬಂದ ಜಹೀರ್ ಅವರಿಗೆ ಕೋಲ್ಕತ್ತದ ಬ್ರೆಂಡನ್ ಮೆಕಲಂ ಸಾಲಾಗಿ ಬೌಂಡರಿಗಳನ್ನೂ ಒಂದು ಸಿಕ್ಸರನ್ನೂ ಬಾರಿಸಿದರು. ಆ ಒಂದೇ ಓವರ್‌ನಲ್ಲಿ 18 ರನ್ ಹೋಯಿತು. ಲೀಗ್‌ನ ಮೊದಲ ವಿಕೆಟ್ ಪಡೆದವರೂ ಜಹೀರ್ ಅವರೇ: ಸೌರವ್ ಗಂಗೂಲಿ 10 ರನ್ ಗಳಿಸಿ ಕಾಲಿಸ್ ಅವರಿಗೆ ಕ್ಯಾಚಿತ್ತರು. ಮೆಕಲಂ ಮಾತ್ರ ನಿಲ್ಲದೆ 73 ಚೆಂಡುಗಳಲ್ಲಿ ಔಟಾಗದೆ 158 ರನ್ ಗಳಿಸಿ, ತಂಡದ ಮೊತ್ತವನ್ನು 3 ವಿಕೆಟ್‌ಗೆ 222ಕ್ಕೆ ಒಯ್ದರು. ಉತ್ತರವಾಗಿ ಬೆಂಗಳೂರು 82ಕ್ಕೆ ಆಲೌಟ್ ಆಗಿ 140 ರನ್‌ಗಳಿಂದ ಸೋತಿತು. ಎರಡಂಕಿ ಮುಟ್ಟಿದ ಬ್ಯಾಟರ್ ಪ್ರವೀಣ್ ಕುಮಾರ್ ಒಬ್ಬರೇ. ಟ್ವೆಂಟಿ20 ಆಟಕ್ಕೆ ಟೆಸ್ಟ್ ತಂಡ ಕಟ್ಟಿದ್ದಾರೆ ಎಂಬ ಟೀಕೆ ಅಂದೇ ಶುರುವಾಯಿತು. 14 ಪಂದ್ಯಗಳಲ್ಲಿ ನಾಲ್ಕನ್ನಷ್ಟೇ ಗೆದ್ದು ತಂಡ ಏಳನೆಯ ಸ್ಥಾನಕ್ಕೆ ಕುಸಿದಾಗ, ಲೀಗ್ ಮುಗಿಯುವ ಮೊದಲೇ ಮುಖ್ಯ ಕಾರ್ಯನಿರ್ವಾಹಕ ಚಾರು ಶರ್ಮ ಅವರು ಹುದ್ದೆ ಕಳೆದುಕೊಂಡಿದ್ದರು.

ಈ ಹಿನ್ನೆಲೆಯಲ್ಲಿಯೇ ತಂಡವನ್ನು ಬದಲಾಯಿಸುವ ತರಾತುರಿ ಹುಟ್ಟಿತು. ಒಂದು ಆವೃತ್ತಿ ಮುಗಿದು ಇನ್ನೊಂದು ಆರಂಭವಾಗುವ ನಡುವೆ ತಂಡಗಳು ಪರಸ್ಪರ ಆಟಗಾರರನ್ನು ಬದಲಿಸಿಕೊಳ್ಳಲು ಗೊತ್ತುಪಡಿಸಿದ ಅವಧಿಗೆ ಟ್ರೇಡಿಂಗ್ ವಿಂಡೋ ಎನ್ನುತ್ತಾರೆ. ಮೊದಲ ವಿಂಡೋದಲ್ಲಿ ಮುಂಬೈಯ ಆಶಿಶ್ ನೆಹ್ರಾ ದೆಹಲಿಗೂ, ದೆಹಲಿಯ ಶಿಖರ್ ಧವನ್ ಮುಂಬೈಗೂ ಹೋದಂತೆಯೇ ಜಹೀರ್ ಮತ್ತು ಉತ್ತಪ್ಪ ಅದಲುಬದಲಾದರು. ಹೊರಗಿನಿಂದ ನೋಡಿದವರಿಗೆ ಇದು ಇಬ್ಬರಿಗೂ ಒಪ್ಪುವ ವ್ಯವಹಾರವಾಗಿಯೇ ಕಂಡಿತು. ಮಹಾರಾಷ್ಟ್ರದ ಶ್ರೀರಾಂಪುರದಲ್ಲಿ ಹುಟ್ಟಿದ ಜಹೀರ್, ಬರೋಡಾ ಪರ ಆಡಿ, 2000–01ರ ರಣಜಿ ಫೈನಲ್‌ನಲ್ಲಿ ರೈಲ್ವೇಸ್ ತಂಡವನ್ನು ಉರುಳಿಸಿ ಹೆಸರು ಮಾಡಿ, ಆ ವೇಳೆಗಾಗಲೇ ಮುಂಬೈಯ ರಣಜಿ ತಂಡವನ್ನು ಸೇರಿದ್ದರು. ಉತ್ತಪ್ಪ ಬೆಂಗಳೂರಿನವರು. ಇಬ್ಬರೂ ತಂತಮ್ಮ ಮನೆಗೆ ಹೋದರು, ಬೆಂಗಳೂರಿಗೆ ಬಿರುಸಿನ ಬ್ಯಾಟರ್ ಸಿಕ್ಕ, ಮುಂಬೈಗೆ ಅನುಭವಿ ಬೌಲರ್ ಸಿಕ್ಕ ಎಂಬುದು ಅಂದಿನ ಲೆಕ್ಕ. 2008ರಲ್ಲಿ ಮುಂಬೈ ಪಾಳಯದಲ್ಲಿದ್ದ ಮನೀಶ್ ಪಾಂಡೆ ಕೂಡ 2009ಕ್ಕೆ ಬೆಂಗಳೂರಿಗೆ ಬಂದದ್ದರಿಂದ ದ್ರಾವಿಡ್, ಕುಂಬ್ಳೆ, ಉತ್ತಪ್ಪ, ಪಾಂಡೆ, ವಿನಯ್ ಕುಮಾರ್ ಎಂಬ ಹೆಸರುಗಳು ಒಂದೇ ಪಟ್ಟಿಯಲ್ಲಿ ಸೇರಿ, ಫ್ರಾಂಚೈಸಿ ತಂಡವು ಮೊದಲ ಬಾರಿಗೆ ಕರ್ನಾಟಕ ತಂಡದಂತೆ ಕಾಣತೊಡಗಿತು. ರಾಯಚೂರು ಸೀಮೆಯ ಅಭಿಮಾನಿಗೆ ಬೆಂಗಳೂರು ತಂಡವನ್ನು ತನ್ನದೆಂದುಕೊಳ್ಳಲು ಇದಕ್ಕಿಂತ ದೊಡ್ಡ ಕಾರಣ ಅದಕ್ಕೆ ಮುಂಚೆ ಇರಲಿಲ್ಲ.

ಲೋಕಸಭಾ ಚುನಾವಣೆಯ ಕಾರಣದಿಂದ ದಕ್ಷಿಣ ಆಫ್ರಿಕಾಕ್ಕೆ ಸ್ಥಳಾಂತರಗೊಂಡ 2009ರ ಲೀಗ್‌ನಲ್ಲಿ ಬೆಂಗಳೂರು ಏರಿದ ಎತ್ತರವು ಆ ಭಾವನೆಯನ್ನು ಇನ್ನಷ್ಟು ಗಟ್ಟಿಮಾಡಿತು. ಮೊದಲ ಪಂದ್ಯದಲ್ಲೇ ಕುಂಬ್ಳೆ ಐದು ರನ್ ಕೊಟ್ಟು ಐದು ವಿಕೆಟ್ ಪಡೆದು ರಾಜಸ್ಥಾನವನ್ನು 58ಕ್ಕೆ ಉರುಳಿಸಿದರು. 15.5 ಲಕ್ಷ ಡಾಲರ್ ಕೊಟ್ಟು ಕರೆತಂದಿದ್ದ ನಾಯಕ ಕೆವಿನ್ ಪೀಟರ್ಸನ್ ಇಂಗ್ಲೆಂಡ್ ತಂಡದ ಕರೆಗೆ ಹೊರಟಾಗ ನಾಯಕತ್ವ ಕುಂಬ್ಳೆ ಅವರ ಕೈಗೆ ಬಂತು; ಅಲ್ಲಿಂದ ತಂಡದ ಓಟವೇ ಬೇರೆಯಾಯಿತು. ಮೇ 21ರಂದು ಸೆಂಚುರಿಯನ್‌ನಲ್ಲಿ ಮನೀಶ್ ಪಾಂಡೆ ಡೆಕ್ಕನ್ ಚಾರ್ಜರ್ಸ್ ವಿರುದ್ಧ ಔಟಾಗದೆ 114 ರನ್ ಗಳಿಸಿ, ಐಪಿಎಲ್‌ನಲ್ಲಿ ಶತಕ ಹೊಡೆದ ಮೊದಲ ಭಾರತೀಯರಾದರು. ಮೂರು ದಿನಗಳ ನಂತರ, ಮೇ 24ರಂದು ಜೊಹಾನ್ಸ್‌ಬರ್ಗ್‌ನಲ್ಲಿ ಅದೇ ಹೈದರಾಬಾದಿನ ತಂಡವೇ ಫೈನಲ್‌ನ ಎದುರಾಳಿ. ಶತಮಾನಗಳ ಕಾಲ ದಕ್ಷಿಣದ ಮತ್ತು ಉತ್ತರದ ಅರಸರು ಹರಿದು ಹಂಚಿಕೊಂಡಿದ್ದ ಎಡೆದೊರೆ ನಾಡಿನವರು, ತಮ್ಮ ಹಳೆಯ ರಾಜಧಾನಿಯ ತಂಡವೂ ಹೊಸ ರಾಜಧಾನಿಯ ತಂಡವೂ ಕಪ್ಪಿಗಾಗಿ ಸೆಣಸುವುದನ್ನು ಅಂದು ಕಂಡರು.

ಆ ಫೈನಲ್‌ನಲ್ಲಿ ಕುಂಬ್ಳೆ ಮೊದಲ ಓವರ್‌ನಲ್ಲೇ ಆಡಂ ಗಿಲ್‌ಕ್ರಿಸ್ಟ್ ಅವರನ್ನು ಸೊನ್ನೆಗೆ ಬೌಲ್ಡ್ ಮಾಡಿ, ಕೊನೆಗೆ 16 ರನ್‌ಗೆ 4 ವಿಕೆಟ್ ಪಡೆದು, ಡೆಕ್ಕನ್ ತಂಡವನ್ನು 6 ವಿಕೆಟ್‌ಗೆ 143ಕ್ಕೆ ಕಟ್ಟಿಹಾಕಿದರು. ಬೆನ್ನಟ್ಟುವಾಗ ಬೆಂಗಳೂರು ದಾರಿಯಲ್ಲೇ ಇತ್ತು. ಆ್ಯಂಡ್ರ್ಯೂ ಸೈಮಂಡ್ಸ್ ಒಂದೇ ಓವರ್‌ನಲ್ಲಿ ರಾಸ್ ಟೇಲರ್ ಮತ್ತು ಕೊಹ್ಲಿ ಇಬ್ಬರನ್ನೂ ಕಳಿಸಿದಾಗ ಹಳಿ ತಪ್ಪಿತು. ಆಮೇಲೆ ಕೊನೆಯವರೆಗೂ ಕ್ರೀಸಿನಲ್ಲಿ ಉಳಿದ ಬ್ಯಾಟರ್ ಉತ್ತಪ್ಪ. ಇಂಥ ಗಳಿಗೆಗೆಂದೇ ಅವರನ್ನು ಕರೆತರಲಾಗಿತ್ತು ಎನ್ನಬಹುದು. ಕೊನೆಯ ಓವರ್‌ಗೆ 15 ರನ್ ಬೇಕಿದ್ದಾಗ ಆರ್.ಪಿ. ಸಿಂಗ್, ಅವರೂ ಎಡಗೈ ವೇಗಿಯೇ, ಎಂಟು ರನ್ ಮಾತ್ರ ಬಿಟ್ಟುಕೊಟ್ಟರು. ಬೆಂಗಳೂರು 9 ವಿಕೆಟ್‌ಗೆ 137, ಸೋಲು ಆರು ರನ್‌ಗಳದು. ಉತ್ತಪ್ಪ 17 ರನ್ ಗಳಿಸಿ ಔಟಾಗದೆ ಉಳಿದರು. ಆ ಲೀಗ್‌ನಲ್ಲಿ ಅತಿ ಹೆಚ್ಚು, 23 ವಿಕೆಟ್ ಪಡೆದವರು ಆರ್.ಪಿ. ಸಿಂಗ್, 21 ವಿಕೆಟ್‌ನೊಂದಿಗೆ ಅವರ ಹಿಂದಿದ್ದವರು ಕುಂಬ್ಳೆ. ಉತ್ತಪ್ಪ ಅವರ ಇಡೀ ಲೀಗ್‌ನ ಗಳಿಕೆ 200 ರನ್‌ಗಳನ್ನೂ ದಾಟಲಿಲ್ಲ.

ಇಷ್ಟರಿಂದಲೇ ವಿನಿಮಯ ಸೋತಿತು ಎನ್ನುವುದು ಅನ್ಯಾಯವಾದೀತು. ಅದೇ ವರ್ಷ ಜಹೀರ್ ಭುಜದ ನೋವಿಗೆ ಸಿಲುಕಿ ಮುಂಬೈಗೆ ಹೆಚ್ಚು ಪಂದ್ಯಗಳನ್ನು ಆಡಲಾಗಲಿಲ್ಲ, ಆ ತಂಡ ಏಳನೆಯ ಸ್ಥಾನಕ್ಕೆ ಇಳಿಯಿತು. 2010ರಲ್ಲಿ ಉತ್ತಪ್ಪ ಬೇರೆಯೇ ಆಟಗಾರನಾಗಿ ಕಂಡರು: 370ಕ್ಕೂ ಹೆಚ್ಚು ರನ್, ನೂರು ಚೆಂಡಿಗೆ 170 ಮೀರಿದ ವೇಗ, ಮತ್ತು ಆ ಲೀಗ್‌ನಲ್ಲಿ ಬೇರೆ ಯಾರೂ ಹೊಡೆಯದಷ್ಟು, ಅಂದರೆ 27 ಸಿಕ್ಸರ್. ಚೆನ್ನೈ ವಿರುದ್ಧ ಚಿನ್ನಸ್ವಾಮಿಯಲ್ಲಿ ಔಟಾಗದೆ ಗಳಿಸಿದ 68 ರನ್, ವಿನಿಮಯವನ್ನು ಹೊಗಳಿದವರೆಲ್ಲ ಬಯಸಿದ್ದ ಆಟವೇ ಆಗಿತ್ತು. ಆದರೆ ಅದೇ ವರ್ಷ ಚೇತರಿಸಿಕೊಂಡ ಜಹೀರ್ ಅವರಿದ್ದ ಮುಂಬೈ ಲೀಗ್ ಹಂತದಲ್ಲಿ ಮೊದಲ ಸ್ಥಾನಕ್ಕೇರಿತು. ಏಪ್ರಿಲ್ 17ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಸ್ಫೋಟ ಸಂಭವಿಸಿದ್ದರಿಂದ ಬೆಂಗಳೂರಿನಲ್ಲಿ ನಡೆಯಬೇಕಿದ್ದ ಸೆಮಿಫೈನಲ್‌ಗಳು ಮುಂಬೈಗೆ ಹೋದವು. ಅಲ್ಲಿ ಬೆಂಗಳೂರು ಮುಂಬೈಗೇ 35 ರನ್‌ಗಳಿಂದ ಸೋತು ಹೊರಬಿತ್ತು.

ಇಡೀ ವ್ಯವಹಾರದ ನಿಜವಾದ ಬೆಲೆ ಗೊತ್ತಾದದ್ದು 2011ರ ಜನವರಿ 8 ಮತ್ತು 9ರಂದು, ಬೆಂಗಳೂರಿನಲ್ಲೇ ನಡೆದ ಹೊಸ ಹರಾಜಿನಲ್ಲಿ. ಮೂರು ವರ್ಷಗಳ ಒಪ್ಪಂದಗಳು ಮುಗಿದು ಎಲ್ಲ ತಂಡಗಳೂ ಹೊಸದಾಗಿ ಕಟ್ಟಿಕೊಳ್ಳಬೇಕಾದಾಗ ಬೆಂಗಳೂರು ಉಳಿಸಿಕೊಂಡದ್ದು ಒಬ್ಬನೇ ಆಟಗಾರನನ್ನು. ಆತ ಹರಾಜಿನಲ್ಲೂ ಬಂದವನಲ್ಲ, ವಿನಿಮಯದಲ್ಲೂ ಬಂದವನಲ್ಲ, 30 ಸಾವಿರ ಡಾಲರ್‌ನ ಡ್ರಾಫ್ಟ್‌ನಲ್ಲಿ ಬಂದ ಕೊಹ್ಲಿ. ದ್ರಾವಿಡ್ ರಾಜಸ್ಥಾನಕ್ಕೆ ಹೋದರು, ಕುಂಬ್ಳೆ ಆಟದಿಂದ ಹಿಂದೆ ಸರಿದು ಮಾರ್ಗದರ್ಶಕರಾದರು. ಉತ್ತಪ್ಪ ಅವರನ್ನು ಪುಣೆಯ ಹೊಸ ತಂಡವು 21 ಲಕ್ಷ ಡಾಲರ್ ಕೊಟ್ಟು ಒಯ್ದಿತು. ಬೆಂಗಳೂರು ಮಾತ್ರ, ಎರಡು ವರ್ಷಗಳ ಹಿಂದೆ ತಾನೇ ಬಿಟ್ಟುಕೊಟ್ಟಿದ್ದ ಜಹೀರ್ ಖಾನ್ ಅವರನ್ನು 9 ಲಕ್ಷ ಡಾಲರ್‌ಗೆ, ಅಂದರೆ 2008ರ ಬೆಲೆಯ ಸರಿಯಾಗಿ ಎರಡರಷ್ಟಕ್ಕೆ, ಮತ್ತೆ ಕೊಂಡುಕೊಂಡಿತು. ಒಬ್ಬ ಅಭಿಮಾನಿ ಇಂದು ಕುಳಿತು ಬರೆಯಬಹುದಾದ ಯಾವ ಟೀಕೆಗಿಂತಲೂ ತಂಡದ ಈ ಕೂಗೇ ದೊಡ್ಡ ಒಪ್ಪಿಗೆ: ಆ ಬೌಲರ್ ಬೇಕಾಗಿದ್ದ.

ಮುಂದಿನದನ್ನು ಬೇಗ ಹೇಳಿ ಮುಗಿಸಬಹುದು. ಜಹೀರ್ ಮೂರು ಆವೃತ್ತಿಗಳ ಕಾಲ ಬೆಂಗಳೂರಿಗೆ ಆಡಿ, ಮತ್ತೆ ಮುಂಬೈಗೂ ಆಮೇಲೆ ದೆಹಲಿಗೂ ಹೋಗಿ, ಒಟ್ಟು 100 ಪಂದ್ಯಗಳಲ್ಲಿ 102 ವಿಕೆಟ್‌ಗಳೊಂದಿಗೆ ನಿವೃತ್ತರಾದರು. ಉತ್ತಪ್ಪ 2014ರಲ್ಲಿ ಕೋಲ್ಕತ್ತ ಪರ 660 ರನ್ ಗಳಿಸಿ, ಅತಿ ಹೆಚ್ಚು ರನ್ ಗಳಿಸಿದವರಿಗೆ ಕೊಡುವ ಕಿತ್ತಳೆ ಟೋಪಿಯನ್ನು ಧರಿಸಿದರು. ಆ ವರ್ಷದ ಫೈನಲ್ ನಡೆದು ಕೋಲ್ಕತ್ತ ಕಪ್ ಎತ್ತಿದ್ದು ಬೆಂಗಳೂರಿನ ಚಿನ್ನಸ್ವಾಮಿಯಲ್ಲೇ. ತವರಿನ ಮೈದಾನದಲ್ಲಿ ಪರ ತಂಡದ ಅಂಗಿ ತೊಟ್ಟು ಗೆದ್ದ ಅವರನ್ನು ಕಂಡು ಕರ್ನಾಟಕದವರು ಚಪ್ಪಾಳೆ ತಟ್ಟಿದರೂ, ಆ ಚಪ್ಪಾಳೆಯಲ್ಲಿ ನೋವೂ ಬೆರೆತಿರಲು ಸಾಕು. 2021ರಲ್ಲಿ ಅವರು ರಾಜಸ್ಥಾನದಿಂದ ಚೆನ್ನೈಗೆ ಇನ್ನೊಮ್ಮೆ ವರ್ಗವಾಗಿ ಎರಡನೆಯ ಕಪ್ ಗೆದ್ದರು. ಬೆಂಗಳೂರಿಗೆ ಹೈದರಾಬಾದಿನ ತೊಡಕು ತಪ್ಪಲಿಲ್ಲ: 2012ರ ಕೊನೆಯ ಲೀಗ್ ಪಂದ್ಯದಲ್ಲಿ ಡೆಕ್ಕನ್ ಚಾರ್ಜರ್ಸ್ ಒಂಬತ್ತು ರನ್‌ಗಳಿಂದ ಗೆದ್ದು ದಾರಿ ಮುಚ್ಚಿತು, 2016ರ ಫೈನಲ್‌ನಲ್ಲಿ ಸನ್‌ರೈಸರ್ಸ್ ಎಂಟು ರನ್‌ಗಳಿಂದ ಗೆದ್ದಿತು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಬೆಂಗಳೂರು ಕಡೆಗೂ ಕಪ್ ಗೆದ್ದಾಗ, ಅಂತರ 2009ರ ಸೋಲಿನದೇ, ಆರು ರನ್. ಆ ತಂಡದಲ್ಲಿ ರಾಯಚೂರಿನ ಆಲ್‌ರೌಂಡರ್ ಮನೋಜ್ ಭಾಂಡಗೆ ಅವರ ಹೆಸರಿದ್ದುದು ಎಡೆದೊರೆ ನಾಡಿಗೆ ಮೊದಲ ಬಾರಿಗೆ ದಕ್ಕಿದ ಸ್ವಂತದ ಪಾಲು. ಮರುದಿನ ಬೆಂಗಳೂರಿನ ವಿಜಯೋತ್ಸವದಲ್ಲಿ ನೂಕುನುಗ್ಗಲಿಗೆ ಸಿಲುಕಿ 11 ಮಂದಿ ಪ್ರಾಣ ಕಳೆದುಕೊಂಡದ್ದನ್ನು ಬಿಟ್ಟು ಆ ಗೆಲುವಿನ ಇತಿಹಾಸವನ್ನು ಯಾರೂ ಬರೆಯುವಂತಿಲ್ಲ.

ಇಷ್ಟು ವರ್ಷ ಅಂಕಿಗಳಿಂದಲೇ ಅಳೆಯಲಾಗುತ್ತಿದ್ದ ಈ ವಿನಿಮಯದ ಒಳಗಿನ ಮಾತು ಹೊರಬಂದದ್ದು 2022ರಲ್ಲಿ. ತಾನು ಮುಂಬೈ ಬಿಡಲು ಸಿದ್ಧನಿರಲಿಲ್ಲ, ತನ್ನ ನಿಷ್ಠೆ ಪೂರ್ತಿಯಾಗಿ ಆ ತಂಡಕ್ಕೇ ಇತ್ತು, ವರ್ಗಾವಣೆಯ ಪತ್ರಕ್ಕೆ ಸಹಿ ಹಾಕದಿದ್ದರೆ ಆಡುವ ಹನ್ನೊಂದರಲ್ಲಿ ಜಾಗ ಸಿಗುವುದಿಲ್ಲ ಎಂದು ತನಗೆ ಹೇಳಲಾಯಿತು ಎಂದು ಉತ್ತಪ್ಪ ಬಹಿರಂಗವಾಗಿ ಹೇಳಿಕೊಂಡರು. ಹಾಗೆಂದವರ ಹೆಸರನ್ನು ಅವರು ಹೇಳಲಿಲ್ಲ. ಬೆಂಗಳೂರಿನಲ್ಲಿ ಕಳೆದ ಆ ಮೊದಲ ವರ್ಷ ತಾನು ಖಿನ್ನತೆಗೆ ಒಳಗಾಗಿದ್ದುದನ್ನೂ ತಿಳಿಸಿದರು. 2009ರಿಂದ 2011ರವರೆಗಿನ ಮನೋವ್ಯಥೆಯ ಬಗ್ಗೆ ಅವರು 2020ರಲ್ಲೇ ಮುಕ್ತವಾಗಿ ಮಾತನಾಡಿದ್ದರು. ಇದು ಒಬ್ಬ ಆಟಗಾರನ ಹೇಳಿಕೆ, ಇದರ ಇನ್ನೊಂದು ಮಗ್ಗುಲು ದಾಖಲಾಗಿಲ್ಲ ಎಂಬ ಎಚ್ಚರ ಇತಿಹಾಸಕಾರನಿಗೆ ಇರಬೇಕು. ಆದರೂ ‘ಮನೆಗೆ ಬಂದ ಮಗ’ ಎಂದು ರಾಜ್ಯವಿಡೀ ಸಂಭ್ರಮಿಸುತ್ತಿದ್ದಾಗ ಆ ಮಗನಿಗೆ ಬರುವ ಮನಸ್ಸೇ ಇರಲಿಲ್ಲ ಎಂಬುದು ತಿಳಿದ ಮೇಲೆ, ಜೊಹಾನ್ಸ್‌ಬರ್ಗ್‌ನ ಆ 17 ರನ್‌ಗಳನ್ನು ಮೊದಲಿನಂತೆ ಓದಲು ಆಗುವುದಿಲ್ಲ. ಸಂತೆಯಲ್ಲಿ ಎತ್ತಿಗೆ ಎತ್ತು ಬದಲಿಸುವಾಗ ಎತ್ತನ್ನು ಯಾರೂ ಕೇಳುವುದಿಲ್ಲ. ಆಟಗಾರನ ವಿಷಯದಲ್ಲಿ ಹಾಗಾಗಬಾರದೆಂಬುದಕ್ಕೆ ಬರ್ವಾಂಗರ್ ಅವರಿಂದ ಉತ್ತಪ್ಪ ಅವರವರೆಗಿನ ದಾಖಲೆಯೇ ಸಾಕು.

ವಿನಿಮಯಗಳು ನಿಂತಿಲ್ಲ. 2023ರ ನವೆಂಬರ್‌ನಲ್ಲಿ ಬೆಂಗಳೂರು ಮುಂಬೈಯಿಂದಲೇ ಕ್ಯಾಮರಾನ್ ಗ್ರೀನ್ ಅವರನ್ನು 17.5 ಕೋಟಿ ರೂಪಾಯಿಗೆ ತಂದಿತು. ಅದೇ ವಿಂಡೋದಲ್ಲಿ ಕರ್ನಾಟಕದ ದೇವದತ್ತ ಪಡಿಕ್ಕಲ್ ಅವರನ್ನು ರಾಜಸ್ಥಾನವು ವೇಗಿ ಆವೇಶ್ ಖಾನ್ ಅವರಿಗೆ ಬದಲಿಯಾಗಿ ಲಖನೌಗೆ ಕೊಟ್ಟಿತು. ಪಡಿಕ್ಕಲ್ ಮರುವರ್ಷದ ಹರಾಜಿನಲ್ಲಿ 2 ಕೋಟಿ ರೂಪಾಯಿಗೆ ಬೆಂಗಳೂರಿಗೆ ಮರಳಿ 2025ರ ಕಪ್ಪಿನ ತಂಡದಲ್ಲಿದ್ದರು. ತವರಿನ ಹುಡುಗನನ್ನು ಕರೆತರುವ ದಾರಿ ವಿನಿಮಯವೊಂದೇ ಅಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. 2009ರ ವಿನಿಮಯವನ್ನು ಆಟದ ತಕ್ಕಡಿಯಲ್ಲಿ ತೂಗಿದರೆ ಲಾಭ ಮುಂಬೈಗೆ, ನಷ್ಟ ಬೆಂಗಳೂರಿಗೆ. ಉತ್ತಪ್ಪ 2010ರಲ್ಲಿ ಆಡಿದ ಆಟ ಆ ನಷ್ಟವನ್ನು ಸ್ವಲ್ಪ ತುಂಬಿತು, ಪೂರ್ತಿ ತುಂಬಲಿಲ್ಲ. ಕರ್ನಾಟಕದ ಕ್ರಿಕೆಟ್ ಇತಿಹಾಸವನ್ನು ಮುಂದೆ ಬರೆಯುವವರು ಆ ವರ್ಷದ ರನ್ನು ಮತ್ತು ವಿಕೆಟ್‌ಗಳ ಪಕ್ಕದಲ್ಲಿ ಆಟಗಾರನ ಆ ಹೇಳಿಕೆಯನ್ನೂ ತಪ್ಪದೆ ದಾಖಲಿಸಬೇಕು.